ಮಗಳು ಮಾಡಿದ ಜ್ವಾಲಾಮುಖಿ ಚೆನ್ನಾಗಿದೆ, ಅದರಲ್ಲಿ ಭೂಗೋಳ ಎಷ್ಟಿದೆ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಎರಡು ವರ್ಷದಿಂದ ಮನೆಯಲ್ಲೇ ಓದಿಸುತ್ತಿದ್ದೇವೆ. ಗಣಿತ, ವಿಜ್ಞಾನ ಹೇಗೋ ನಡೆಯುತ್ತಿದೆ. ಭೂಗೋಳಕ್ಕೆ ಮಾತ್ರ ಪುಸ್ತಕ ಬೇಡ, ಕೈಯಾರೆ ಮಾಡಿ ಕಲಿಯಲಿ ಅಂತ ಬಿಟ್ಟೆವು. ಹಿಟ್ಟು, ಉಪ್ಪು ಕಲಸಿ ಹಿಮಾಲಯ ಮಾಡಿದಳು. ಕಾಗದ ಅಂಟಿಸಿ ಗ್ಲೋಬ್ ಮಾಡಿದಳು. ಅಡುಗೆ ಸೋಡಾ, ವಿನೆಗರ್ ಹಾಕಿ ಜ್ವಾಲಾಮುಖಿ ಉಕ್ಕಿಸಿದಳು. ನೋಡೋಕೆ ಎಲ್ಲವೂ ಚೆಂದ. ಮೊನ್ನೆ ನನ್ನ ತಮ್ಮ ಬಂದವನು, "ಈ ಬೆಟ್ಟಸಾಲು ಅಲ್ಲೇ ಯಾಕಿದೆ ಪುಟ್ಟಿ?" ಅಂತ ಕೇಳಿದ. ಅವಳಿಗೆ ಗೊತ್ತಾಗಲಿಲ್ಲ. ನಕ್ಷೆ ಕೊಟ್ಟು ಎರಡು ಊರುಗಳ ದೂರ ಎಷ್ಟು ಅಂದ. ಅದೂ ಬರಲಿಲ್ಲ. ನಾವು ಮಾಡಿಸುತ್ತಿರುವುದು ಪಾಠವೋ, ಬರೀ ಕ್ರಾಫ್ಟೋ? ನನಗೂ ಭೂಗೋಳ ಅಷ್ಟಕ್ಕಷ್ಟೇ. ಒಳ್ಳೆಯ ಕಿಟ್ ಏನಾದರೂ ತರಿಸಬೇಕಾ? ಮುಂದೆ ಶಾಲೆಗೆ ಸೇರಿಸಿದರೆ ಹಿಂದೆ ಬೀಳುತ್ತಾಳಾ?

ಉತ್ತರ: ನಿಮ್ಮ ತಮ್ಮನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. "ಅಲ್ಲೇ ಯಾಕಿದೆ?", "ಎಷ್ಟು ದೂರ?" ಇವೆರಡನ್ನು ಬಿಟ್ಟರೆ ಈ ವಿಷಯದಲ್ಲಿ ಕೇಳಲು ಬೇರೆ ಹೆಚ್ಚೇನೂ ಇಲ್ಲ.

ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಇಲ್ಲಿಯವರೆಗೆ ಆಗಿರುವುದರಲ್ಲಿ ಕ್ರಾಫ್ಟ್ ಜಾಸ್ತಿ, ಭೂಗೋಳ ಕಮ್ಮಿ. ಅದರಿಂದ ನಷ್ಟವೇನೂ ಆಗಿಲ್ಲ. ಮಾಡಿದ ಮಾಡೆಲ್‌ಗಳನ್ನು ಎಸೆಯಬೇಡಿ, ಅವುಗಳಿಂದಲೇ ಇನ್ನೂ ಪಾಠ ಮಾಡಬಹುದು. ಕಿಟ್ ಬೇಕಿಲ್ಲ. ಹಿಂದೆ ಬೀಳುವ ಭಯದ ಬಗ್ಗೆ ಕೊನೆಗೆ ಬರುತ್ತೇನೆ.

ಮನೆಯಲ್ಲಿ ಓದಿಸುವ ಪೋಷಕರು ತಮ್ಮ ಮಕ್ಕಳ ಪ್ರಾಜೆಕ್ಟ್ ತೋರಿಸಿದಾಗಲೆಲ್ಲ ನಾನು ನೋಡುವುದು ಒಂದೇ: ಈ ಕೆಲಸದಲ್ಲಿ ಮಗುವಿಗೆ ತಪ್ಪಾಗುವ ಅವಕಾಶ ಇದೆಯಾ? ಸೋಡಾ, ವಿನೆಗರ್ ಬೆರೆಸಿದರೆ ಪ್ರತಿ ಸಲವೂ ಉಕ್ಕುತ್ತದೆ. ಕಾಗದ ಅಂಟಿಸಿದರೆ ಗ್ಲೋಬ್ ಆಗೇ ಆಗುತ್ತದೆ. ಊಹಿಸಲು ಏನೂ ಇಲ್ಲ, ಪರೀಕ್ಷಿಸಲು ಏನೂ ಇಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಕೈಯಲ್ಲಿ ವಸ್ತು ಉಳಿಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಒಂದು ಊಹೆ ಬರೆಯಬೇಕು. ಅದು ಸಂಖ್ಯೆ ಇರಬಹುದು, ದಿಕ್ಕು ಇರಬಹುದು. ಆಮೇಲೆ ಅಳೆದು ನೋಡಬೇಕು. ಊಹೆ ಸುಳ್ಳಾದರೆ ಇನ್ನೂ ಒಳ್ಳೆಯದು, "ಯಾಕೆ?" ಅನ್ನುವುದು ತಾನಾಗೇ ಬಾಯಿಗೆ ಬರುತ್ತದೆ.

ಅವಳ ಗ್ಲೋಬನ್ನೇ ತೆಗೆದುಕೊಳ್ಳಿ. ಅಡ್ಡಳತೆ 30 ಸೆಂಟಿಮೀಟರ್ ಅಂದುಕೊಳ್ಳೋಣ. ಭೂಮಿಯ ವ್ಯಾಸ ಸುಮಾರು 12,742 ಕಿಲೋಮೀಟರ್. ಅಂದರೆ ಗ್ಲೋಬಿನ ಮೇಲಿನ ಒಂದು ಸೆಂಟಿಮೀಟರ್ ಸುಮಾರು 425 ಕಿಲೋಮೀಟರಿಗೆ ಸಮ. ಈಗ ಕೇಳಿ: "ಎವರೆಸ್ಟ್ ಶಿಖರ ಇದರ ಮೇಲೆ ಎಷ್ಟು ಎತ್ತರ ಇರಬೇಕು?" ಬಹುಪಾಲು ಮಕ್ಕಳು ಒಂದು ಸೆಂಟಿಮೀಟರ್, ಅರ್ಧ ಸೆಂಟಿಮೀಟರ್ ಅನ್ನುತ್ತಾರೆ. ಲೆಕ್ಕ ಹಾಕಿಸಿ. ಎವರೆಸ್ಟ್ 8,849 ಮೀಟರ್. ಉತ್ತರ ಬರುವುದು 0.2 ಮಿಲಿಮೀಟರ್, ಎರಡು ಹಾಳೆಯಷ್ಟು ದಪ್ಪ. ಅವಳು ಗ್ಲೋಬಿನ ಮೇಲೆ ಒಂದು ಸೆಂಟಿಮೀಟರ್ ಬೆಟ್ಟ ಎಬ್ಬಿಸಿದ್ದರೆ ಅದು 425 ಕಿಲೋಮೀಟರ್ ಎತ್ತರದ ಬೆಟ್ಟ ಆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದೇ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ! ಅದು ಆ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ ಅಂದರೆ ಈ ವಯಸ್ಸಿನ ಯಾವ ಮಗುವೂ ಸುಮ್ಮನಿರುವುದಿಲ್ಲ. ಸಾಗರದ ಅತಿ ಆಳದ ಜಾಗ ಮರಿಯಾನಾ ಕಂದಕವೂ ಈ ಗ್ಲೋಬಿನಲ್ಲಿ 0.3 ಮಿಲಿಮೀಟರ್ ದಾಟುವುದಿಲ್ಲ. ಭೂಮಿ ಎಷ್ಟು ನುಣುಪು ಅನ್ನುವುದು ಹೀಗೆ ಲೆಕ್ಕ ಹಾಕಿದವರಿಗೇ ಗೊತ್ತಾಗುವುದು.

ಹಿಮಾಲಯದ ಮಾಡೆಲಿಗೂ ಇದೇ ಕೆಲಸ. ಬೆಟ್ಟಸಾಲಿನ ಉದ್ದ ಸುಮಾರು 2,400 ಕಿಲೋಮೀಟರ್. ಮಾಡೆಲ್ 60 ಸೆಂಟಿಮೀಟರ್ ಉದ್ದ ಇದ್ದರೆ, ಒಂದು ಸೆಂಟಿಮೀಟರಿಗೆ 40 ಕಿಲೋಮೀಟರ್. ಆ ಲೆಕ್ಕದಲ್ಲಿ ಎವರೆಸ್ಟ್ ಎರಡು ಮಿಲಿಮೀಟರ್ ಚಿಲ್ಲರೆ. ಹಾಗಂತ ಎತ್ತರ ಹಿಗ್ಗಿಸಿ ತೋರಿಸುವುದು ತಪ್ಪಲ್ಲ, ಎಲ್ಲರೂ ಹಿಗ್ಗಿಸುತ್ತಾರೆ. ಎಷ್ಟು ಪಟ್ಟು ಹಿಗ್ಗಿಸಿದ್ದೇವೆ ಅಂತ ಮೂಲೆಯಲ್ಲಿ ಬರೆಯಬೇಕು, ಅಷ್ಟೆ. ಆ ಒಂದು ಸಾಲು ಬರೆಯಲು ಅವಳು ಎರಡು ಸ್ಕೇಲ್ ಲೆಕ್ಕ ಮಾಡಬೇಕಾಗುತ್ತದೆ. ನಕ್ಷೆಯಲ್ಲಿ ದೂರ ಹೇಳಲು ಬರಲಿಲ್ಲ ಅಂದಿರಲ್ಲ, ಆ ಕೊರತೆ ಇಲ್ಲೇ ನೀಗಲು ಶುರುವಾಗುತ್ತದೆ.

"ಅಲ್ಲೇ ಯಾಕಿದೆ?" ಅನ್ನುವುದಕ್ಕೆ ಬೇರೆ ಪ್ರಯೋಗ ಬೇಕು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣ ಮರಳು ಒಂದು ಪದರ, ಹಿಟ್ಟು ಒಂದು ಪದರ, ಹೀಗೆ ನಾಲ್ಕೈದು ಪದರ ಹರಡಿ. ಒಂದು ತುದಿಯಿಂದ ಗಟ್ಟಿ ರಟ್ಟನ್ನು ನಿಧಾನ ತಳ್ಳಲಿ. ತಳ್ಳುವ ಮೊದಲೇ ಬರೆಯಲಿ: ಪದರಗಳು ಬರೀ ಬಾಗುತ್ತವಾ, ಮುರಿಯುತ್ತವಾ? ಎಲ್ಲಿ ಮೊದಲು ಏಳುತ್ತವೆ? ಡಬ್ಬಿಯ ಪಕ್ಕದಿಂದ ನೋಡಿದರೆ ಪದರಗಳು ಬಾಗಿ, ಮುರಿದು, ಒಂದರ ಮೇಲೊಂದು ಹತ್ತುವುದು ಚೆನ್ನಾಗಿ ಕಾಣುತ್ತದೆ. ಭಾರತದ ಭೂಫಲಕ (ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡು) ಸುಮಾರು 5 ಕೋಟಿ ವರ್ಷದ ಹಿಂದೆ ಯುರೇಷ್ಯಾ ಫಲಕಕ್ಕೆ ಢಿಕ್ಕಿ ಹೊಡೆದು ಇನ್ನೂ ತಳ್ಳುತ್ತಲೇ ಇದೆ. ಎವರೆಸ್ಟ್ ತುದಿಯಲ್ಲಿ ಸಮುದ್ರ ಜೀವಿಗಳ ಅವಶೇಷ ಇರುವ ಸುಣ್ಣಕಲ್ಲು ಇದೆ. ಆ ಮಾತನ್ನು ಡಬ್ಬಿ ನೋಡಿದ ಮೇಲೆ ಹೇಳಿ, ಮೊದಲೇ ಹೇಳಬೇಡಿ.

ಇನ್ನು ಸೋಡಾ ಜ್ವಾಲಾಮುಖಿ. ಆಟಕ್ಕೆ ಮಜಾ, ಆದರೆ ಅದು ಆಮ್ಲ ಮತ್ತು ಕ್ಷಾರದ ರಸಾಯನ ಕ್ರಿಯೆ. ನಿಜವಾದ ಜ್ವಾಲಾಮುಖಿಯೊಳಗೆ ವಿನೆಗರ್ ತರಹದ್ದು ಏನೂ ಇಲ್ಲ. ಶಿಲಾಪಾಕ, ಅಂದರೆ ನೆಲದಾಳದ ಕರಗಿದ ಕಲ್ಲು, ಮೇಲಕ್ಕೆ ಬರುತ್ತಾ ಒತ್ತಡ ತಗ್ಗುತ್ತದೆ. ಅದರಲ್ಲಿ ಕರಗಿದ್ದ ನೀರಾವಿ, ಇತರ ಅನಿಲಗಳು ಗುಳ್ಳೆಯಾಗಿ ಹೊರಗೆ ನುಗ್ಗುತ್ತವೆ. ಪಾಕದಲ್ಲಿ ಸಿಲಿಕಾ (ಮರಳಿನಲ್ಲಿರುವ ವಸ್ತು) ಜಾಸ್ತಿ ಇದ್ದರೆ ಅದು ಅಂಟಂಟಾಗುತ್ತದೆ, ಅನಿಲ ಸಿಕ್ಕಿಹಾಕಿಕೊಂಡು ಸ್ಫೋಟ ಜೋರಾಗುತ್ತದೆ. ಇದನ್ನು ಮನೆಯಲ್ಲಿ ಮಾಡಬೇಕೆಂದರೆ ರಟ್ಟಿಗೆ ತೂತು ಮಾಡಿ, ಕೆಳಗಿನಿಂದ ಒಮ್ಮೆ ತೆಳು ಹಿಟ್ಟಿನ ಸರಿ, ಒಮ್ಮೆ ಗಟ್ಟಿ ಸರಿ ಒತ್ತಿ. ಎರಡರ ಎತ್ತರ, ಹರಹು ಅಳೆಯಲಿ. ಆಮೇಲೆ ಹವಾಯಿಯ ಮೌನಾ ಲೋವಾ ಮತ್ತು ಜಪಾನಿನ ಫುಜಿ ಎರಡರ ಚಿತ್ರ ಮುಂದಿಡಿ. ಒಂದು ಅಗಲಕ್ಕೆ ಹರಡಿಕೊಂಡಿದೆ, ಇನ್ನೊಂದು ಕಡಿದಾಗಿ ನಿಂತಿದೆ. ಯಾವುದರ ಲಾವಾ ತೆಳುವಾಗಿ ಹರಿಯುವಂಥದ್ದು ಅಂತ ಅವಳೇ ಹೇಳುತ್ತಾಳೆ.

ಈಗ ಪೋಷಕರಿಂದ ಪದೇ ಪದೇ ಕೇಳುವ ಒಂದೆರಡು ನಂಬಿಕೆಗಳ ಬಗ್ಗೆ.

"ಕೈಯಾರೆ ಮಾಡಿದರೆ ಸಾಕು, ಬಾಯಿಪಾಠ ಬೇಡ" ಅನ್ನುವುದು ಮೊದಲನೆಯದು. ನಾನು ಒಪ್ಪುವುದಿಲ್ಲ. ಖಂಡ, ಸಾಗರ, ದೊಡ್ಡ ನದಿಗಳ ಹೆಸರೇ ಗೊತ್ತಿಲ್ಲದವಳಿಗೆ ಯಾವ ವಿವರಣೆಯೂ ಎಲ್ಲಿ ಕೂರಬೇಕೋ ಅಲ್ಲಿ ಕೂರುವುದಿಲ್ಲ. ಖಾಲಿ ನಕ್ಷೆ ಕೊಟ್ಟು ದಿನಕ್ಕೆ ಐದು ನಿಮಿಷ ತುಂಬಿಸಿ, ಸಾಕು.

ಎರಡನೆಯದು ಋತುಗಳದ್ದು. ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಅಂತ ದೊಡ್ಡವರೂ ಹೇಳುತ್ತಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಉತ್ತರಾರ್ಧಗೋಳದಲ್ಲಿ ಆಗ ಚಳಿಗಾಲ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ವಾಲಿಕೆ. ಚೌಕಳಿ ಹಾಳೆಯ ಮೇಲೆ ಟಾರ್ಚ್ ನೇರವಾಗಿ ಬಿಟ್ಟು ಬೆಳಕು ಬಿದ್ದ ಚೌಕಗಳನ್ನು ಎಣಿಸಲಿ. ಟಾರ್ಚಿನ ದೂರ ಬದಲಿಸದೆ, ಬೆಳಕು ಹಾಳೆಗೆ 30 ಡಿಗ್ರಿಯಲ್ಲಿ ಬೀಳುವಂತೆ ಹಾಳೆ ಓರೆ ಮಾಡಿ ಮತ್ತೆ ಎಣಿಸಲಿ. ಹೆಚ್ಚುಕಡಿಮೆ ಎರಡರಷ್ಟು ಚೌಕ ಆಗುತ್ತವೆ. ಅದೇ ಬೆಳಕು, ಎರಡು ಪಟ್ಟು ಜಾಗಕ್ಕೆ ಹಂಚಿಹೋಯಿತು. ಬಿಸಿ ಕಮ್ಮಿ ಆಗಲೇಬೇಕು ಅಲ್ವಾ? (ಬಚ್ಚಲ ತೂತಿನಲ್ಲಿ ನೀರು ಉತ್ತರಾರ್ಧದಲ್ಲಿ ಒಂದು ಕಡೆ, ದಕ್ಷಿಣಾರ್ಧದಲ್ಲಿ ಇನ್ನೊಂದು ಕಡೆ ಸುತ್ತುತ್ತದೆ ಅನ್ನುವುದೂ ಸುಳ್ಳೇ. ಅಷ್ಟು ಸಣ್ಣ ಜಾಗದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಲೆಕ್ಕಕ್ಕೇ ಬರುವುದಿಲ್ಲ. ಚಂಡಮಾರುತದಲ್ಲಿ ಮಾತ್ರ ಬರುತ್ತದೆ.)

ಮುಂದೆ ಏನು ಮಾಡಿಸಬಹುದು? ಹತ್ತಾರು ಹೇಳಬಹುದು. ಒಂದನ್ನೇ ಮಾಡಿಸಲು ಸಮಯ ಇದೆ ಅಂದರೆ ನಾನು ಹೇಳುವುದು ಹೆಜ್ಜೆ ನಕ್ಷೆ.

ಬಯಲು, ಪಾರ್ಕು, ದೊಡ್ಡ ಅಂಗಳ, ಸುತ್ತಿ ಬರಬಹುದಾದ ಯಾವುದೇ ಜಾಗ ಆದೀತು. ಮೊದಲು ಟೇಪಿನಿಂದ 20 ಮೀಟರ್ ಅಳೆದು ಗುರುತು ಹಾಕಿ. ಅವಳು ಮಾಮೂಲಿಯಾಗಿ ನಡೆದು ಹೆಜ್ಜೆ ಎಣಿಸಲಿ. ನಾಲ್ಕೈದು ಸಲ ನಡೆದು ಸರಾಸರಿ ತೆಗೆಯಲಿ. 32 ಹೆಜ್ಜೆ ಬಂತು ಅನ್ನಿ, ಒಂದು ಹೆಜ್ಜೆ 62.5 ಸೆಂಟಿಮೀಟರ್. ಈಗ ಒಂದು ಮೂಲೆಯಿಂದ ಹೊರಟು, ಪ್ರತಿ ತಿರುವಿನಲ್ಲಿ ದಿಕ್ಸೂಚಿ ನೋಡಿ ಡಿಗ್ರಿ ಬರೆದುಕೊಂಡು, ಮುಂದಿನ ತಿರುವಿನವರೆಗೆ ಹೆಜ್ಜೆ ಎಣಿಸುತ್ತಾ ಸುತ್ತು ಹಾಕಿ ಹೊರಟ ಜಾಗಕ್ಕೇ ಬರಲಿ. ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ ಐದು ಮೀಟರ್ ಲೆಕ್ಕದಲ್ಲಿ ಬಿಡಿಸಲಿ.

ಮಜಾ ಇರುವುದು ಇಲ್ಲಿ. ಕಾಲು ಹೊರಟ ಜಾಗಕ್ಕೇ ಬಂದಿರುತ್ತದೆ, ಪೆನ್ಸಿಲ್ ಬಂದಿರುವುದಿಲ್ಲ. ಕೊನೆಯ ಗೆರೆ ಮೊದಲ ಚುಕ್ಕೆಯಿಂದ ಒಂದೂವರೆ ಸೆಂಟಿಮೀಟರ್ ಆಚೆ ನಿಲ್ಲುತ್ತದೆ. ಅಂದರೆ ಏಳೂವರೆ ಮೀಟರ್ ಎಲ್ಲೋ ಕಳೆದುಹೋಯಿತು. ಇದು ಅವಳ ದಡ್ಡತನ ಅಲ್ಲ. ಸರ್ವೆ ಮಾಡುವವರಿಗೂ ಈ ಅಂತರ ಬರುತ್ತದೆ, ಅದನ್ನು ಹುಡುಕಿ ಸರಿದೂಗಿಸುವುದು ಅವರ ಕೆಲಸದ ಭಾಗವೇ. ಆದ್ದರಿಂದ ನೀವು ಗೆರೆ ಎಳೆದು ಸೇರಿಸಿಬಿಡಬೇಡಿ. ಎಲ್ಲಿ ತಪ್ಪಿತು ಅಂತ ಅವಳೇ ಹುಡುಕಲಿ. ಏರು ಹತ್ತುವಾಗ ಹೆಜ್ಜೆ ಗಿಡ್ಡ ಆಯಿತಾ? ಕಬ್ಬಿಣದ ಗೇಟಿನ ಪಕ್ಕ ನಿಂತು ದಿಕ್ಸೂಚಿ ನೋಡಿದಳಾ? 60 ಮೀಟರ್ ಗೆರೆಯಲ್ಲಿ ಐದು ಡಿಗ್ರಿ ತಪ್ಪಿದರೂ ತುದಿ ಐದು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡನೇ ಸಲ ನಡೆದಾಗ ಅಂತರ ಕಮ್ಮಿ ಆಗುತ್ತದೆ. ಕೊನೆಗೆ ಅದೇ ಜಾಗದ ಉಪಗ್ರಹ ಚಿತ್ರ ತೆರೆದು ಪಕ್ಕದಲ್ಲಿಟ್ಟು ನೋಡಲಿ. ಇದನ್ನು ಮಾಡಿದ ಮಗು ಆಮೇಲೆ ಯಾವ ನಕ್ಷೆ ಕೈಗೆ ಸಿಕ್ಕರೂ ಮೊದಲು ಸ್ಕೇಲ್ ಎಲ್ಲಿದೆ ಅಂತ ಹುಡುಕುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅಪಾಯ? ವಾಹನ ಓಡಾಡುವ ರಸ್ತೆ ಬೇಡ. ಎಣಿಸುವ ಮಗು ಬೇರೇನೂ ನೋಡುವುದಿಲ್ಲ. ಬೇರೆಯವರ ಜಾಗಕ್ಕೆ ಕೇಳಿ ಹೋಗಿ. ನಕ್ಷೆ ಚೆನ್ನಾಗಿ ಬಂತು ಅಂತ ಮನೆ ಗುರುತಿನ ಸಮೇತ ಇಂಟರ್ನೆಟ್ಟಿಗೆ ಹಾಕಬೇಡಿ.

ಎರಡನೆಯದು ನೆರಳಿನ ಕೋಲು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಿ. ಬೆಳಗ್ಗೆ 11ರಿಂದ ಮಧ್ಯಾಹ್ನ ಒಂದೂವರೆವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತಿಸಲಿ. ಅತಿ ಗಿಡ್ಡ ನೆರಳು ಎಷ್ಟು ಗಂಟೆಗೆ ಅಂತ ಮೊದಲೇ ಬರೆಯಲಿ. "12ಕ್ಕೆ" ಅಂತಲೇ ಬರೆಯುತ್ತಾಳೆ. ಆಗುವುದು ಬೇರೆ. ಗಡಿಯಾರ ನಡೆಯುವುದು ಇಡೀ ಕಾಲವಲಯಕ್ಕೆ ಗೊತ್ತು ಮಾಡಿದ ಒಂದು ರೇಖಾಂಶದ ಸಮಯದಲ್ಲಿ. ನೀವು ಅಲ್ಲಿಂದ ಪ್ರತಿ ಡಿಗ್ರಿ ಸರಿದರೆ ಸೂರ್ಯ ನಾಲ್ಕು ನಿಮಿಷ ಆಚೀಚೆ. ಜೊತೆಗೆ ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲದ್ದರಿಂದ ಮತ್ತು ಅಕ್ಷ ವಾಲಿರುವುದರಿಂದ ತಿಂಗಳಿಗೆ ತಕ್ಕಂತೆ ಸುಮಾರು 16 ನಿಮಿಷದವರೆಗೂ ವ್ಯತ್ಯಾಸ. ಆ ಗಿಡ್ಡ ನೆರಳಿನ ಗೆರೆಯೇ ನಿಜವಾದ ಉತ್ತರ-ದಕ್ಷಿಣ. ಪಕ್ಕದಲ್ಲಿ ದಿಕ್ಸೂಚಿ ಇಟ್ಟರೆ ಕೆಲವು ಕಡೆ ಅದು ಈ ಗೆರೆಗೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ, ಯಾಕೆಂದರೆ ಕಾಂತದ ಉತ್ತರವೇ ಬೇರೆ.

ಮಾರ್ಚ್ ಅಥವಾ ಸೆಪ್ಟೆಂಬರಿನ ವಿಷುವದ ದಿನ (ಹಗಲು, ರಾತ್ರಿ ಹೆಚ್ಚುಕಡಿಮೆ ಸಮ ಇರುವ ದಿನ) ಮಾಡಿದರೆ ಇನ್ನೊಂದು ಲಾಭ. ಕೋಲು ಮತ್ತು ಗಿಡ್ಡ ನೆರಳಿನ ತ್ರಿಕೋನ ಬಿಡಿಸಿ, ಮೇಲಿನ ತುದಿಯ ಕೋನ ಅಳೆದರೆ ಅದೇ ನಿಮ್ಮ ಅಕ್ಷಾಂಶ. ನಿಮ್ಮಿಂದ ನೇರ ಉತ್ತರಕ್ಕೋ ದಕ್ಷಿಣಕ್ಕೋ ದೂರದಲ್ಲಿರುವ ಇನ್ನೊಂದು ಕುಟುಂಬ ಅದೇ ದಿನ ಇದನ್ನೇ ಮಾಡಿದರೆ ಭೂಮಿಯ ಸುತ್ತಳತೆಯೂ ಸಿಗುತ್ತದೆ. ಗ್ರೀಕ್ ವಿದ್ವಾಂಸ ಎರಟೋಸ್ಥೆನೀಸ್ ಸುಮಾರು 2,200 ವರ್ಷದ ಹಿಂದೆ ಮಾಡಿದ್ದು ಇದನ್ನೇ. ಈಜಿಪ್ಟಿನ ಸಿಯೀನ್ ಊರಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ಮಧ್ಯಾಹ್ನ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ವೃತ್ತದ ಐವತ್ತರಲ್ಲಿ ಒಂದು ಪಾಲು, ಅಂದರೆ 7.2 ಡಿಗ್ರಿ ಇತ್ತು. ಹಾಗಾದರೆ ಎರಡು ಊರಿನ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ಒಂದು ಎಚ್ಚರಿಕೆ: ಎರಡು ಜಾಗಗಳ ನಡುವೆ ಐದು ಡಿಗ್ರಿ, ಅಂದರೆ ಸುಮಾರು 555 ಕಿಲೋಮೀಟರ್ ಅಂತರ ಇದ್ದರೂ, ಅಳತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಉತ್ತರ ಸುಮಾರು 20 ಶೇಕಡಾ ಎಡವಟ್ಟಾಗುತ್ತದೆ. ಪಕ್ಕದೂರಿನ ಗೆಳತಿ ಸಾಲದು. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮೊದಲೇ ಹೇಳಿಬಿಡಿ. ನೋಡಬೇಕಾದ್ದು ನೆಲ ಮಾತ್ರ.

ಮಣ್ಣಾಟ ಇಷ್ಟ ಇರುವ ಮಗುವಾದರೆ ಮರಳಿನ ಟ್ರೇ. ಅಗಲ ಟ್ರೇಗೆ ಮರಳು ತುಂಬಿ, ಒಂದು ತುದಿ ಸ್ವಲ್ಪ ಎತ್ತರಿಸಿ, ಸಣ್ಣ ಧಾರೆ ಬಿಡಿ. ತಿರುವಿನಲ್ಲಿ ಯಾವ ದಡ ಕೊರೆಯುತ್ತದೆ, ಹೊರಗಿನದೋ ಒಳಗಿನದೋ? ಎರಡೂ ದಡಕ್ಕೆ ಕಡ್ಡಿ ಚುಚ್ಚಿ ನೋಡಲಿ. ನೀರು ನಿಂತ ಜಾಗದಲ್ಲಿ ಮರಳು ಬೀಸಣಿಗೆಯಂತೆ ಹರಡುವುದು ನದಿಮುಖಜ ಭೂಮಿಯ ಸಣ್ಣ ರೂಪ. ಇದರ ತೊಂದರೆ ಏನೆಂದರೆ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಬರೆದುಕೊಳ್ಳುವುದು ಮರೆತೇ ಹೋಗುತ್ತದೆ. ಇನ್ನೊಂದು, ನದಿಯನ್ನು ಟ್ರೇ ಅಳತೆಗೆ ಚಿಕ್ಕದು ಮಾಡಿದ್ದೇವೆ, ಮರಳಿನ ಕಾಳನ್ನು ಅದೇ ಲೆಕ್ಕದಲ್ಲಿ ಚಿಕ್ಕದು ಮಾಡಿಲ್ಲ. ಹಾಗಾಗಿ ಎಲ್ಲವೂ ನಿಜವಾದ ನದಿಯಂತೆ ನಡೆಯುವುದಿಲ್ಲ. ಅದನ್ನೂ ಅವಳಿಗೆ ಹೇಳಿ.

ಬೆಟ್ಟ, ನದಿಯಷ್ಟೇ ಭೂಗೋಳ ಅಲ್ಲವಲ್ಲ. ಜನರ ಕಡೆಗೆ ಬರಲು 1854ರ ಲಂಡನ್ ಕಾಲರಾ ನಕ್ಷೆ ಬಹಳ ಒಳ್ಳೆಯ ದಾರಿ. ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತೊತ್ತಾಗಿದ್ದವು. ಮಕ್ಕಳಿಗೆ ತೋರಿಸಬೇಕಾದ್ದು ಗುಂಪಿಗೆ ಸೇರದ ಜಾಗಗಳು. ಪಂಪಿನ ಹತ್ತಿರದ ಬಿಯರ್ ಕಾರ್ಖಾನೆಯ ಕೆಲಸಗಾರರು ಕಾಲರಾದಿಂದ ಸಾಯಲಿಲ್ಲ. ಯಾಕಿರಬಹುದು ಅಂತ ಯೋಚಿಸಲಿ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಆಮೇಲೆ ತನ್ನ ಸುತ್ತಮುತ್ತ ಬೀದಿದೀಪ, ನೆರಳಿನ ಮರ, ನೀರು ನಿಲ್ಲುವ ಗುಂಡಿ, ಯಾವುದಾದರೂ ಒಂದನ್ನು ಗುರುತಿಸಿ, ಎಲ್ಲಿ ಜಾಸ್ತಿ, ಎಲ್ಲಿ ಇಲ್ಲ, ಯಾಕೆ ಅಂತ ಬರೆಯಲಿ. ಹೊರಗಿನವರನ್ನು ಮಾತಾಡಿಸಬೇಕಾದರೆ ನೀವು ಜೊತೆಗಿರಿ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಉಚಿತ, 1972ರಿಂದ ಇವೆ. ಮಧ್ಯ ಏಷ್ಯಾದ ಅರಲ್ ಸಮುದ್ರದ (ಹೆಸರಿಗೆ ಸಮುದ್ರ, ನಿಜಕ್ಕೂ ಸರೋವರ) ಹಳೆಯ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ಚೌಕಳಿ ಹಾಳೆಯಲ್ಲಿ ನೀರಿನ ವಿಸ್ತೀರ್ಣ ಎಣಿಸಲಿ. ಅದನ್ನು ತುಂಬುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರು ಹತ್ತಿ ಹೊಲಗಳಿಗೆ ತಿರುಗಿದ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಬೇರೆ ಜಾಗ ಹೋಲಿಸುವಾಗ ಎರಡೂ ಚಿತ್ರ ಒಂದೇ ತಿಂಗಳಿನವೇ ಅಂತ ನೋಡಿ. ಮಳೆಗಾಲದ ಕೆರೆ, ಬೇಸಿಗೆಯ ಕೆರೆ ಹೋಲಿಸಿ "ಕೆರೆ ಬತ್ತಿತು" ಅಂದುಬಿಡುವುದು ಸುಲಭ.

ನಿಮಗೇ ಭೂಗೋಳ ಗೊತ್ತಿಲ್ಲ ಅನ್ನುವುದನ್ನು ನಾನು ದೊಡ್ಡ ಅಡ್ಡಿ ಅಂದುಕೊಳ್ಳುವುದಿಲ್ಲ. ಮೇಲಿನ ಯಾವ ಕೆಲಸಕ್ಕೂ ಉತ್ತರ ಮೊದಲೇ ಗೊತ್ತಿರಬೇಕಿಲ್ಲ. ನೀವೂ ಒಂದು ಊಹೆ ಬರೆಯಿರಿ, ಮಗಳ ಊಹೆಗಿಂತ ನಿಮ್ಮದು ಕೆಟ್ಟದಾಗಿ ಸುಳ್ಳಾದರೆ ಆ ದಿನದ ಪಾಠ ಅವಳು ಮರೆಯುವುದಿಲ್ಲ. ನಾನು ಹೆದರುವುದು ಬೇರೆಯದಕ್ಕೆ: ಕೆಲಸ ನಿಧಾನ ಆಗುತ್ತಿದೆ ಅಂತ ಅಪ್ಪ ಅಮ್ಮನೇ ಕೈ ಹಾಕುವುದು. ನಾನು ನೋಡಿದ ಅತಿ ಅಂದದ ಮಾಡೆಲ್‌ಗಳಲ್ಲಿ ಬಹಳಷ್ಟು ದೊಡ್ಡವರು ಮಾಡಿದವು, ಅದು ಬಣ್ಣ ಹಚ್ಚಿದ ರೀತಿಯಲ್ಲೇ ಗೊತ್ತಾಗುತ್ತದೆ.

ಕಿಟ್ಟಿನ ಬದಲು ಒಂದು ಒಳ್ಳೆಯ ಅಟ್ಲಾಸ್, ದಿಕ್ಸೂಚಿ, ಅಳತೆ ಟೇಪ್, ಕೋನಮಾಪಕ, ಗ್ರಾಫ್ ಹಾಳೆ ತಂದಿಡಿ. ಅಟ್ಲಾಸಿನಲ್ಲಿ ಮಾತ್ರ ಜಿಪುಣತನ ಬೇಡ.

ಕೊನೆಗೆ ಶಾಲೆಯ ಮಾತು. ಪ್ರಾಜೆಕ್ಟ್‌ಗಳಿಂದಲೇ ಪೂರ್ತಿ ಪಠ್ಯ ಮುಗಿಯುವುದಿಲ್ಲ. ಜನಸಂಖ್ಯೆ, ವ್ಯಾಪಾರ, ಹವಾಗುಣ ವಲಯ, ಖನಿಜ ಸಂಪತ್ತು ಇವನ್ನೆಲ್ಲ ಓದಿಯೇ ಕಲಿಯಬೇಕು. ಅವಳ ವಯಸ್ಸಿನ ಪಠ್ಯಪುಸ್ತಕದ ಪರಿವಿಡಿ ತೆಗೆದು, ಯಾವುದು ಮಾಡಿ ಕಲಿತದ್ದು, ಯಾವುದು ಓದಬೇಕಾದ್ದು ಅಂತ ಗುರುತು ಹಾಕಿ. ಪ್ರತಿ ಕೆಲಸಕ್ಕೂ ಒಂದೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆ, ಊಹೆ, ಅಳತೆ, ತಪ್ಪಿದ್ದೆಲ್ಲಿ ಅಂತ ದಿನಾಂಕ ಹಾಕಿ ಬರೆಸಿ, ತಪ್ಪು ಲೆಕ್ಕ ಅಳಿಸಲು ಬಿಡಬೇಡಿ. ಶಾಲೆಯವರು "ಏನು ಕಲಿತಿದ್ದಾಳೆ?" ಅಂದಾಗ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಒಂದು ವರ್ಷದೊಳಗೇ ಸೇರಿಸುವ ಯೋಚನೆ ಇದ್ದರೆ ಹೆಜ್ಜೆ ನಕ್ಷೆ, ನೆರಳಿನ ಕೋಲು ಎರಡನ್ನೇ ಇಟ್ಟುಕೊಳ್ಳಿ, ಉಳಿದ ಸಮಯ ನಕ್ಷೆ ಓದುವುದಕ್ಕೂ ಪಠ್ಯಕ್ಕೂ ಕೊಡಿ. ಎರಡು ಮೂರು ವರ್ಷ ಇದೆ ಅಂದರೆ ಅವಸರ ಬೇಡ, ತಿಂಗಳಿಗೆ ಒಂದು ಕೆಲಸ ಧಾರಾಳ ಸಾಕು.